ಮೇಲಿನ ಹೊಲದ ಬದು, ಕೆಳಗಿನ ಹೊಲದ ಗೋಡೆ

ಮೈಸೂರಿನ ಮಾರುಕಟ್ಟೆಯಲ್ಲಾಗಲಿ, ಬೆಂಗಳೂರಿನ ಬಡಾವಣೆಗಳ ತಳ್ಳುಗಾಡಿಗಳಲ್ಲಾಗಲಿ ‘ಊಟಿ ಕ್ಯಾರೆಟ್’ ಎಂಬ ಕೂಗನ್ನು ಕೇಳದವರಿಲ್ಲ. ಬಣ್ಣ ಗಾಢವಾಗಿರಬೇಕು, ತುದಿ ಚೂಪಾಗಿರಬೇಕು, ಮೈಯಲ್ಲಿ ಮಣ್ಣಿನ ಗುರುತು ಇರಬಾರದು. ಇವು ನಮ್ಮ ಗೃಹಿಣಿಯರ ಷರತ್ತುಗಳು. ಬೆಲೆ ಎರಡು ರೂಪಾಯಿ ಏರಿದರೆ ಗೊಣಗುತ್ತೇವೆ, ಇಳಿದರೆ ಒಂದು ಕಿಲೋ ಹೆಚ್ಚಿಗೆ ಕೊಳ್ಳುತ್ತೇವೆ. ಆದರೆ ಈ ಗೆಡ್ಡೆ ಯಾವ ಮಣ್ಣಿನಿಂದ ಬಂತು, ಆ ಮಣ್ಣನ್ನು ಬೆಟ್ಟದ ಮೈಯಲ್ಲಿ ಹಿಡಿದು ನಿಲ್ಲಿಸಿದವರು ಯಾರು, ಹಾಗೆ ಹಿಡಿದು ನಿಲ್ಲಿಸಲು ಅವರು ಏನನ್ನು ತೆರುತ್ತಿದ್ದಾರೆ ಎಂಬುದನ್ನು ನಾವು ವಿಚಾರಿಸುವುದು ಅಪರೂಪ.

ನೀಲಗಿರಿಯ ಈಶಾನ್ಯ ಅಂಚಿನಲ್ಲಿ, ಉದಕಮಂಡಲದ ಪೇಟೆಯ ಗದ್ದಲದಿಂದ ದೂರದಲ್ಲಿ, ಇಳಿಜಾರಿಗೆ ಅಂಟಿಕೊಂಡಂತಿರುವ ಹಟ್ಟಿಗಳಿವೆ. ಅಲ್ಲಿನ ಧರ್ಮಕೇಂದ್ರವೊಂದರ ಗುರುಗಳ ಆಹ್ವಾನದ ಮೇರೆಗೆ ಅಂತಹ ಒಂದು ಹಟ್ಟಿಯಲ್ಲಿ ಕೆಲವು ದಿನಗಳನ್ನು ಕಳೆಯುವ ಅವಕಾಶ ನಮಗೆ ಒದಗಿತು. ಅಲ್ಲಿ ಕಂಡದ್ದನ್ನು, ಕಂಡದ್ದರಿಂದ ಮೂಡಿದ ಕೆಲವು ವಿಚಾರಗಳನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ನಮಗೆ ಹೊರತಲ್ಲದ ನಾಡು

ನೀಲಗಿರಿ ಕನ್ನಡಿಗರಿಗೆ ಪರನಾಡೆನಿಸಿದರೂ ಪರಕೀಯವಲ್ಲ. ಆ ಜಿಲ್ಲೆಯ ಅತ್ಯುನ್ನತ ಶಿಖರದ ಹೆಸರೇ ದೊಡ್ಡಬೆಟ್ಟ. ಅದರ ಎತ್ತರ 2,637 ಮೀಟರ್. ಅಲ್ಲಿನ ಬಡಗ ಜನರು ತಮ್ಮ ನಾಡನ್ನು ‘ನಾಕುಬೆಟ್ಟ’ ಎಂದು ಕರೆಯುತ್ತಾರೆ, ತಮ್ಮ ಊರನ್ನು ಹಟ್ಟಿ ಎನ್ನುತ್ತಾರೆ. ಬಡಗ ಎಂದರೆ ಉತ್ತರ ದಿಕ್ಕು. ವಿಜಯನಗರ ಪತನಾನಂತರದ ಕಾಲದಲ್ಲಿ ಮೈಸೂರು ಸೀಮೆಯ ದಕ್ಷಿಣ ಭಾಗದಿಂದ ಬೆಟ್ಟ ಹತ್ತಿ ಬಂದವರು ತಾವೆಂಬುದು ಅವರ ಪರಂಪರೆಯ ನಂಬಿಕೆ. ಅವರ ನುಡಿಯನ್ನು ಸಾವಧಾನವಾಗಿ ಆಲಿಸಿದರೆ ಹಳೆಯ ಕನ್ನಡದ ನೆಂಟಸ್ತನ ಕಿವಿಗೆ ಬೀಳುತ್ತದೆ. 2011ರ ಜನಗಣತಿಯಂತೆ ಈ ನುಡಿಯನ್ನಾಡುವವರು ಸುಮಾರು 1,33,000 ಮಂದಿ.

ಧರ್ಮಸಭೆಯ ಇತಿಹಾಸದಲ್ಲಿಯೂ ಈ ಬೆಟ್ಟಕ್ಕೆ ಒಂದು ಪುಟವಿದೆ. 1603ರಲ್ಲಿ ಇಟಲಿಯ ಯೇಸುಸಭೆಯ ಗುರು ಜಾಕೊಮೊ ಫೆನಿಸಿಯೊ ಅವರು ಮಲಬಾರಿನ ಕಡೆಯಿಂದ ಕಾಡುದಾರಿಯಲ್ಲಿ ಬೆಟ್ಟವೇರಿ ಬಂದರು. ಮೂಲ ವಿಶ್ವಾಸವನ್ನು ಮರೆತ ಕ್ರೈಸ್ತರು ಅಲ್ಲಿ ನೆಲೆಸಿರಬಹುದೆಂಬ ವದಂತಿಯೇ ಅವರ ಪ್ರಯಾಣಕ್ಕೆ ಕಾರಣ. ಅವರಿಗೆ ಅಲ್ಲಿ ಕ್ರೈಸ್ತರು ಕಾಣಲಿಲ್ಲ, ಎಮ್ಮೆ ಸಾಕುವ ತೋಡರೂ ಬಡಗರೂ ಕಂಡರು. ಅವರು ಬರೆದ ಪತ್ರವೇ ಆ ಜನರ ಬಗ್ಗೆ ಹೊರಜಗತ್ತಿಗೆ ದೊರೆತ ಮೊದಲ ವರದಿಗಳಲ್ಲೊಂದು. ಮುಂದೆ ಬಹುಕಾಲದ ನಂತರ ಈ ಬೆಟ್ಟಗಳು ನಮ್ಮ ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದವು. 1955ರಲ್ಲಿ ಅದರಿಂದ ಬೇರ್ಪಟ್ಟು ಉದಕಮಂಡಲ ಧರ್ಮಕ್ಷೇತ್ರ ರಚಿತವಾಯಿತು. ಆದುದರಿಂದ ಅಲ್ಲಿನ ಸುಖದುಃಖಗಳು ನೆರೆಮನೆಯವರ ಸುಖದುಃಖಗಳೇ ಆಗಿವೆ.

ರಾಗಿಯಿಂದ ಆಲೂಗೆಡ್ಡೆಗೆ

ಎರಡು ಶತಮಾನಗಳ ಹಿಂದೆ ಇಲ್ಲಿ ಕ್ಯಾರೆಟ್ ಇರಲಿಲ್ಲ, ಎಲೆಕೋಸು ಇರಲಿಲ್ಲ. ಬಡಗರು ರಾಗಿ, ಸಾಮೆ, ಜವೆಗೋಧಿಗಳನ್ನು ಬೆಳೆಯುತ್ತಿದ್ದರು. ತೋಡರು ತುಪ್ಪ ಕೊಡುತ್ತಿದ್ದರು. ಕೋತರು ಗುದ್ದಲಿ ಕುಡುಗೋಲುಗಳನ್ನೂ ಮಡಕೆಗಳನ್ನೂ ಮಾಡಿಕೊಡುತ್ತಿದ್ದರು, ಸಾವಿನ ಮನೆಯಲ್ಲಿ ವಾದ್ಯ ನುಡಿಸುತ್ತಿದ್ದರು. ಕುರುಂಬರು ಕಾಡಿನ ಜೇನು ಮುಂತಾದುವನ್ನು ತರುತ್ತಿದ್ದರು. ಬಡಗರು ಇವರೆಲ್ಲರಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ಈ ಕೊಡುಕೊಳ್ಳುವಿಕೆಯಲ್ಲಿ ಮೇಲುಕೀಳುಗಳೂ ಭಯಗಳೂ ಇದ್ದವು. ಅದನ್ನು ಸ್ವರ್ಗವೆಂದು ಬಣ್ಣಿಸುವುದು ಸತ್ಯಕ್ಕೆ ದೂರ. ಆದರೆ ಒಬ್ಬರಿಲ್ಲದೆ ಇನ್ನೊಬ್ಬರ ಬದುಕು ನಡೆಯದೆಂಬ ಅರಿವು ಅಲ್ಲಿ ದಿನನಿತ್ಯದ ಸಂಗತಿಯಾಗಿತ್ತು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವೇರಿದ ನಂತರ ಇಲ್ಲಿನ ಬೇಸಾಯದ ದಿಕ್ಕು ಬದಲಾಯಿತು. ತಂಪು ಹವೆಗೆ ಒಗ್ಗುವ ಐರೋಪ್ಯ ತರಕಾರಿಗಳು ಆತನ ತೋಟದಿಂದ ಬಡಗರ ಹೊಲಗಳಿಗೆ ಇಳಿದವು. ರಾಗಿಯನ್ನು ಮನೆಯವರೇ ಉಣ್ಣಬಹುದು, ಕಣಜದಲ್ಲಿ ವರ್ಷಗಟ್ಟಲೆ ಇಡಬಹುದು. ಎಲೆಕೋಸನ್ನು ಮಾರಲೇಬೇಕು, ಅದೂ ಬೇಗ ಮಾರಬೇಕು. ಬೆಳೆಯೊಡನೆ ಪೇಟೆಯೂ ಹಟ್ಟಿಗೆ ಪ್ರವೇಶಿಸಿತು. ಬೆಟ್ಟದ ಬುಡದ ಮೇಟುಪಾಳ್ಯದಲ್ಲಿ ಮಂಡಿಗಳು ಹುಟ್ಟಿಕೊಂಡವು. ದಲ್ಲಾಳಿಗಳ ಹಿಡಿತದಿಂದ ಬೆಳೆಗಾರರನ್ನು ಬಿಡಿಸುವ ಸಲುವಾಗಿ 1935ರಲ್ಲಿ ನೀಲಗಿರಿ ಸಹಕಾರಿ ಮಾರಾಟ ಸಂಘ ಸ್ಥಾಪನೆಗೊಂಡಿತು. ಅದು ಇಂದಿಗೂ ಇದೆ, ಮಂಡಿಗಳೂ ಇವೆ.

ಬೆಟ್ಟಕ್ಕೆ ಎರಡು ಪೆಟ್ಟುಗಳು ಬಿದ್ದವು. ಮೊದಲನೆಯದು 1961ರಲ್ಲಿ ಉದಕಮಂಡಲದಲ್ಲಿ ಪತ್ತೆಯಾದ ಆಲೂಗೆಡ್ಡೆಯ ಜಂತುಹುಳು. ಕಣ್ಣಿಗೆ ಕಾಣಿಸದಷ್ಟು ಸಣ್ಣದಾದ ಈ ಹುಳು ಬೇರಿನ ರಸ ಹೀರುತ್ತದೆ. ಅದರ ಕೋಶಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದು, ಮತ್ತೆ ಆಲೂಗೆಡ್ಡೆ ನೆಟ್ಟಾಗ ಎಚ್ಚರಗೊಳ್ಳುತ್ತವೆ. ರೋಗ ಹರಡದಿರಲೆಂದು ಇಲ್ಲಿನ ಬಿತ್ತನೆ ಗೆಡ್ಡೆ ಹೊರಗೆ ಹೋಗದಂತೆ ಸರ್ಕಾರ ನಿರ್ಬಂಧ ಹೇರಿತು. ಉದಕಮಂಡಲದ ಬಳಿಯ ಮುತ್ತೋರೈಯಲ್ಲಿರುವ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಕೇಂದ್ರದ ಪ್ರಯತ್ನದಿಂದ 1985ರಲ್ಲಿ ಈ ಹುಳುವನ್ನು ತಡೆದುಕೊಳ್ಳುವ ‘ಕುಫ್ರಿ ಸ್ವರ್ಣ’ ತಳಿ ಬಂತು. ಅಷ್ಟರಲ್ಲಿ ಅನೇಕರು ಆಲೂಗೆಡ್ಡೆ ಬಿಟ್ಟು ಚಹಾ ಗಿಡ ನೆಟ್ಟಿದ್ದರು. ಎರಡನೆಯ ಪೆಟ್ಟು 1990ರ ದಶಕದ ಕೊನೆಯಲ್ಲಿ ಬಂತು. ಚಹಾ ಎಲೆಯ ಬೆಲೆ ಕುಸಿಯಿತು, ಮತ್ತೆ ಸರಿಯಾಗಿ ಚೇತರಿಸಿಕೊಳ್ಳಲಿಲ್ಲ. 2023ರಲ್ಲಿಯೂ ಹಸಿರೆಲೆಗೆ ನ್ಯಾಯವಾದ ಬೆಲೆ ಕೋರಿ ಸಣ್ಣ ಬೆಳೆಗಾರರು ಉಪವಾಸ ಕುಳಿತರು. ಚಹಾ ಕಿತ್ತು ಮತ್ತೆ ಕ್ಯಾರೆಟ್ ಬಿತ್ತಿದ ಕುಟುಂಬಗಳು ನಾವಿದ್ದ ಹಟ್ಟಿಯಲ್ಲಿಯೂ ಇವೆ.

ಬೆಟ್ಟಕ್ಕೆ ಕಟ್ಟಿದ ಮೆಟ್ಟಿಲು

ಕಡಿದಾದ ಇಳಿಜಾರಿನಲ್ಲಿ ತರಕಾರಿ ಬೆಳೆಯುವುದೆಂದರೆ ಮಣ್ಣನ್ನು ಪದೇಪದೇ ಸಡಿಲಿಸುವುದೆಂದೇ ಅರ್ಥ. ಸಡಿಲವಾದ ಮಣ್ಣು ಮಳೆಯೊಡನೆ ಹೊರಟುಹೋಗುತ್ತದೆ. ಹೋದ ಮಣ್ಣು ಹಳ್ಳ ಸೇರಿ, ಹಳ್ಳದಿಂದ ಜಲಾಶಯ ಸೇರಿ ಹೂಳಾಗುತ್ತದೆ. ಸ್ವಾತಂತ್ರ್ಯಾನಂತರ ಸರ್ಕಾರ ಇದನ್ನು ಗಂಭೀರವಾಗಿ ಪರಿಗಣಿಸಿತು. 1954ರಲ್ಲಿ ಉದಕಮಂಡಲದಲ್ಲಿ ಮಣ್ಣಿನ ಸಂರಕ್ಷಣೆಯ ಸಂಶೋಧನಾ ಕೇಂದ್ರ ಆರಂಭವಾಯಿತು. ಇಳಿಜಾರನ್ನು ಕಡಿದು ಮೆಟ್ಟಿಲು ಹೊಲಗಳನ್ನು ಮಾಡುವ ಕ್ರಮ ಹಬ್ಬಿತು.

ಈ ಮೆಟ್ಟಿಲು ಹೊಲದ ರಚನೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ದೂರದಿಂದ ನೋಡಿದವರಿಗೆ ಪ್ರತಿಯೊಂದು ಹೊಲವೂ ಸಮತಟ್ಟಾಗಿರುವಂತೆ ತೋರುತ್ತದೆ. ವಾಸ್ತವವಾಗಿ ಅದು ಬೆಟ್ಟದ ಒಳಮೈ ಕಡೆಗೆ ಸ್ವಲ್ಪ ವಾಲಿರುತ್ತದೆ. ಮಳೆಯ ನೀರು ಹೊರ ಅಂಚಿನಿಂದ ಧುಮುಕದೆ ಒಳಬದಿಯ ಕಾಲುವೆಗೆ ಇಳಿದು, ಅಲ್ಲಿಂದ ಪಕ್ಕಕ್ಕೆ ಹರಿದು, ಹುಲ್ಲು ಬೆಳೆಸಿದ ಇಳಿಗಾಲುವೆಯನ್ನು ಸೇರಬೇಕು. ಹೊರ ಅಂಚಿನ ಬದು ತುಸು ಎತ್ತರವಾಗಿರಬೇಕು. ಬದುವಿನ ಮುಖಕ್ಕೆ ಕಲ್ಲನ್ನಾಗಲಿ ಹುಲ್ಲನ್ನಾಗಲಿ ಹೊದಿಸಬೇಕು. ಈ ಮೂರರಲ್ಲಿ ಒಂದು ಕೆಟ್ಟರೂ ಉಳಿದೆರಡು ಬಹಳ ದಿನ ಬಾಳುವುದಿಲ್ಲ.

ಬದುವಿಗೆ ಮತ್ತೊಂದು ವಿಶೇಷವಿದೆ. ಮೇಲಿನ ಹೊಲದವನಿಗೆ ಅದು ಹೊಲದ ಕೊನೆ, ಕೆಳಗಿನ ಹೊಲದವನಿಗೆ ಅದು ಬೆನ್ನಿಗಿರುವ ಗೋಡೆ. ಈ ಬದು ಯಾರದೆಂದು ಆ ಹಟ್ಟಿಯ ಹಿರಿಯರೊಬ್ಬರನ್ನು ನಾವು ಕೇಳಿದೆವು. ಅವರು ನಕ್ಕು, “ಕಾಗದದ ಪ್ರಕಾರ ಮೇಲಿನವನದು ಸ್ವಾಮಿ, ಮಳೆ ಬಂದಾಗ ಕೆಳಗಿನವನದು” ಎಂದರು. ಸೆಮಿನರಿಯಲ್ಲಿ ನ್ಯಾಯವೆಂದರೇನು ಎಂಬ ಪ್ರಶ್ನೆಯ ಮೇಲೆ ತಿಂಗಳುಗಟ್ಟಲೆ ಪಾಠ ಕೇಳಿದ ನಮಗೆ ಈ ಉತ್ತರ ಬಹಳ ಹೊತ್ತು ಚಿಂತನೆಗೆ ವಸ್ತುವಾಯಿತು.

ನಸುಕಿನ ಮುಂಚಿನ ದುಡಿಮೆ

ಹಟ್ಟಿಯ ದಿನ ಬೆಳಗಾಗುವ ಮುಂಚೆಯೇ ಆರಂಭವಾಗುತ್ತದೆ. ಕ್ಯಾರೆಟ್ ಕೀಳುವ ದಿನವಾದರಂತೂ ನಡುರಾತ್ರಿ ಕಳೆಯುತ್ತಲೇ ಜನ ಹೊಲದಲ್ಲಿರುತ್ತಾರೆ. ತಲೆಗೆ ಕಟ್ಟಿಕೊಂಡ ದೀಪದ ಬೆಳಕಿನಲ್ಲಿ ಗಂಡಸರು ಕೀಳುತ್ತಾರೆ, ಹೆಂಗಸರು ಸೊಪ್ಪು ಮುರಿದು ಗುಡ್ಡೆ ಹಾಕುತ್ತಾರೆ. ನಂತರ ತೊಳೆಯಬೇಕು, ಮೂಟೆ ಕಟ್ಟಬೇಕು, ಬೆನ್ನ ಮೇಲೆ ಹೊತ್ತು ರಸ್ತೆಗೆ ಏರಿಸಬೇಕು. ಲಾರಿ ಘಟ್ಟವಿಳಿದು ಹರಾಜಿನ ವೇಳೆಗೆ ಮೇಟುಪಾಳ್ಯ ತಲುಪಲೇಬೇಕು. ದಾರಿಯಲ್ಲಿ ಕಾಟಿ ಎದುರಾದರೆ ಅದು ಸರಿಯುವವರೆಗೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಕಾಡುಹಂದಿ, ಮುಳ್ಳುಹಂದಿಗಳು ತಿಂದುಳಿದದ್ದೇ ಬೆಳೆ. ಡಿಸೆಂಬರ್ ಜನವರಿಗಳಲ್ಲಿ ಮುಂಜಾನೆ ಬೀಳುವ ಹೆಪ್ಪುಮಂಜು ಒಂದೇ ರಾತ್ರಿಯಲ್ಲಿ ಎಳೆಯ ಪೈರನ್ನು ಸುಟ್ಟಂತೆ ಮಾಡಿಬಿಡುತ್ತದೆ.

ಬೀಜಕ್ಕೆ, ಗೊಬ್ಬರಕ್ಕೆ, ಔಷಧಿಗೆ ಮುಂಗಡ ಹಣ ಮಂಡಿಯಿಂದಲೇ ಬರುವುದು ವಾಡಿಕೆ. ಮುಂಗಡ ಪಡೆದವನು ಅದೇ ಮಂಡಿಗೆ ಮಾಲು ಹಾಕಬೇಕು. ಮಾಲು ಬಿಕರಿಯಾದ ಮೇಲೆ ಕಮಿಷನ್, ಲಾರಿ ಬಾಡಿಗೆ, ಹಮಾಲಿ, ಚೀಲದ ಬೆಲೆ ಎಲ್ಲವನ್ನೂ ಮುರಿದುಕೊಂಡು ಉಳಿದದ್ದು ಚೀಟಿಯ ಕೊನೆಯಲ್ಲಿ ಕಾಣುತ್ತದೆ. ನಮ್ಮ ಮಾಲೂರು, ಕೋಲಾರದ ಕಡೆಯ ಕ್ಯಾರೆಟ್ ಒಮ್ಮೆಗೇ ಮಾರುಕಟ್ಟೆಗೆ ಬಂದರೆ ಬೆಟ್ಟದ ಬೆಲೆ ಇಳಿಯುತ್ತದೆ. ಹಾಗೆಂದು ಕೋಲಾರದ ರೈತನನ್ನು ದೂಷಿಸುವಂತಿಲ್ಲ; ಅವನ ಚೀಟಿಯೂ ಹೆಚ್ಚು ಭಿನ್ನವಾಗಿರಲಾರದು.

ಬೆಲೆ ಇಳಿದ ವರ್ಷ ರೈತ ಯಾವ ಖರ್ಚನ್ನು ಮೊದಲು ಕಡಿತಗೊಳಿಸುತ್ತಾನೆ? ಬೀಜ ಬಿಡಲಾಗದು, ಗೊಬ್ಬರ ಬಿಡಲಾಗದು. ಬದುವಿನ ದುರಸ್ತಿಯನ್ನು ಮುಂದಕ್ಕೆ ಹಾಕಬಹುದು, ಒಳಗಾಲುವೆಯ ಹೂಳು ತೆಗೆಯುವುದನ್ನು ಮುಂದಕ್ಕೆ ಹಾಕಬಹುದು. ಆ ವರ್ಷ ಯಾರಿಗೂ ಏನೂ ಆಗದಿರಬಹುದು. ಅದಕ್ಕಿಂತ ಮುಂದೆ ಹೋಗಿ, ಬದುಗಳನ್ನೇ ಅಳಿಸಿ ಇಳಿಜಾರಿನ ಉದ್ದಕ್ಕೂ ಮೇಲಿಂದ ಕೆಳಕ್ಕೆ ಸಾಲು ತೆಗೆಯುವವರೂ ಇದ್ದಾರೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ನೇರ ಸಾಲಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ ಎಂಬುದು ಅವರ ವಾದ. ವಾದದಲ್ಲಿ ಸತ್ಯವಿಲ್ಲದಿಲ್ಲ. ನೀರಿನೊಡನೆ ಮಣ್ಣೂ ಇಳಿದುಹೋಗುತ್ತದೆ, ಅದು ಇಳಿಯುವುದು ಇನ್ನೊಬ್ಬರ ಹೊಲಕ್ಕೆ ಎಂಬುದನ್ನು ಆ ವಾದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದು ವ್ಯಾಜ್ಯ

ನಾವಿದ್ದ ಹಟ್ಟಿಯಲ್ಲಿ ಆಗ ಇಂತಹುದೇ ಒಂದು ವ್ಯಾಜ್ಯ ನಡೆದಿತ್ತು. ಮೇಲಿನ ಹೊಲದ ಯಜಮಾನರ ಮಕ್ಕಳು ಕೊಯಮತ್ತೂರಿನಲ್ಲಿ ಉದ್ಯೋಗದಲ್ಲಿದ್ದರು. ಯಜಮಾನರಿಗೆ ವಯಸ್ಸಾಗಿತ್ತು. ಹೊಲವನ್ನು ಹೊರಗಿನ ಒಬ್ಬ ಗುತ್ತಿಗೆದಾರನಿಗೆ ಮೂರು ವರ್ಷಕ್ಕೆ ವಹಿಸಿದ್ದರು. ಮೂರು ವರ್ಷದ ಗುತ್ತಿಗೆ ಹಿಡಿದವನಿಗೆ ನಾಲ್ಕನೆಯ ವರ್ಷದ ಬದುವಿನ ಚಿಂತೆ ಏಕೆ? ಆತ ಸಾಲುಗಳನ್ನು ಇಳಿಜಾರಿನುದ್ದಕ್ಕೂ ತೆಗೆಸಿದ್ದ. ಹಿಂಗಾರು ಮಳೆ ಎರಡು ದಿನ ಬಿಡದೆ ಹೊಡೆದಾಗ ಮೇಲಿನ ಬದು ಕುಸಿದು, ಕೆಳಗಿನ ಹೊಲದ ಬೆಳ್ಳುಳ್ಳಿಯ ಮೇಲೆ ಮೊಣಕಾಲೆತ್ತರ ಕೆಸರು ಕುಳಿತಿತು. ಕೆಳಗಿನ ಹೊಲದವರಿಗೆ ಬೆಳೆ ಹೋದದ್ದಕ್ಕಿಂತ ಹೆಚ್ಚಿನ ನೋವೊಂದಿತ್ತು. ಅವರ ತಂದೆ ಮತ್ತು ಮೇಲಿನ ಹೊಲದ ಯಜಮಾನರು ಸೇರಿ, ಒಬ್ಬರ ಕೈಗೆ ಒಬ್ಬರು ಕಲ್ಲು ದಾಟಿಸುತ್ತ, ಆ ಬದುವನ್ನು ಕಟ್ಟಿದ್ದರು.

ಊರ ಗೌಡರೂ ಹಿರಿಯರೂ ಕುಳಿತು ಎರಡು ಕಡೆಯವರ ಮಾತನ್ನೂ ಕೇಳಿದರು. ಗುತ್ತಿಗೆ ಕೊಟ್ಟಿದ್ದರೂ ಬದುವಿನ ಹೊಣೆ ಯಜಮಾನರದೇ ಎಂದು ತೀರ್ಮಾನವಾಯಿತು. ಬದುವನ್ನು ಮತ್ತೆ ಕಟ್ಟಿಸಿಕೊಡಬೇಕು, ಬಿತ್ತನೆ ಬೆಳ್ಳುಳ್ಳಿಯ ಬೆಲೆಯಲ್ಲಿ ಅರ್ಧವನ್ನು ಕೊಡಬೇಕು. ಕೆಳಗಿನವರಿಗೂ ಒಂದು ಮಾತು ಹೇಳಲಾಯಿತು. ಇಳಿಗಾಲುವೆಯ ಹಾದಿಯನ್ನು ಅವರು ಕ್ರಮೇಣ ಒತ್ತರಿಸಿ ಎರಡು ಸಾಲು ಹೆಚ್ಚು ಬೆಳೆಯುತ್ತಿದ್ದರು. ನೀರಿನ ದಾರಿಯನ್ನು ನೀರಿಗೆ ಬಿಟ್ಟುಕೊಡಬೇಕು. ಎರಡು ಕಡೆಯವರೂ ಒಪ್ಪಿದರು. ಮೇಲಿನ ಯಜಮಾನರು ಎದ್ದು ಹೋಗುವಾಗ ಕೆಳಗಿನವರ ಭುಜದ ಮೇಲೆ ಕೈಯಿಟ್ಟು ಅವರ ತಂದೆಯ ಹೆಸರೆತ್ತಿ ಏನೋ ಹೇಳಿದರು. ಅದು ನಮಗೆ ಕೇಳಿಸಲಿಲ್ಲ.

ಬಡಗರ ಹಳೆಯ ಶವಸಂಸ್ಕಾರ ವಿಧಿಯಲ್ಲಿ ಸತ್ತವರ ಮತ್ತು ಅವರ ಪೂರ್ವಿಕರ ಪಾಪಗಳನ್ನು ಹಿರಿಯರೊಬ್ಬರು ಒಂದೊಂದಾಗಿ ಎಲ್ಲರ ಮುಂದೆ ಉಚ್ಚರಿಸುವ ಸಂಪ್ರದಾಯವಿತ್ತು. ನೆರೆದವರು ಪ್ರತಿಯೊಂದಕ್ಕೂ ಅದು ಪಾಪವೆಂದು ದನಿಗೂಡಿಸುತ್ತಿದ್ದರು. ಆ ಪಾಪಗಳ ಹೊರೆ ಇಳಿಯಲೆಂದು ಒಂದು ಕರುವನ್ನು ಬಿಟ್ಟುಬಿಡುತ್ತಿದ್ದರು. 19ನೆಯ ಶತಮಾನದಲ್ಲಿಯೇ ವಿದ್ವಾಂಸರು ಇದನ್ನು ದಾಖಲಿಸಿದ್ದಾರೆ. ಆ ಪಾಪಗಳ ಪಟ್ಟಿಯಲ್ಲಿ ನೆರೆಯವನ ಗಡಿಯನ್ನು ಸರಿಸುವುದೂ ಒಂದು. ಪವಿತ್ರ ಗ್ರಂಥವನ್ನು ಬಲ್ಲವರಿಗೆ ಇಲ್ಲಿ ಧರ್ಮೋಪದೇಶಕಾಂಡದ ನೆನಪಾಗದಿರದು. ನೆರೆಯವನ ಗಡಿಕಲ್ಲನ್ನು ಸರಿಸುವವನನ್ನು ಅಲ್ಲಿಯೂ ಜನರೆಲ್ಲರ ಸಮ್ಮುಖದಲ್ಲಿ ಶಾಪಗ್ರಸ್ತನೆಂದು ಸಾರಲಾಗಿದೆ, ಜನರೆಲ್ಲರೂ ಅದಕ್ಕೆ ಆಮೆನ್ ಎನ್ನಬೇಕಾಗಿದೆ. ನೆಲದ ವಿಷಯದಲ್ಲಿ ಮಾಡಿದ ಅನ್ಯಾಯ ದೇವರ ಮುಂದಿನ ಅಪರಾಧವೆಂಬ ಅರಿವು ಆ ಬೆಟ್ಟದ ಜನರಿಗೂ ಇತ್ತು.

ಕೊನೆಯ ಮೆಟ್ಟಿಲಿನವರು

ಆದರೆ ಆ ಪಂಚಾಯಿತಿಯಲ್ಲಿ ಯಾರೂ ಎತ್ತದ ಒಂದು ಪ್ರಶ್ನೆ ಉಳಿದಿತ್ತು. ಕೆಳಗಿನ ಹೊಲದ ಕೆಳಗೆ ಇನ್ನೂ ಒಂದು ಮೆಟ್ಟಿಲಿದೆ. ಅಲ್ಲಿ ಹಳ್ಳದ ಪಕ್ಕದಲ್ಲಿ, ತಗಡಿನ ಮಾಡಿನ ಹತ್ತು ಹನ್ನೆರಡು ಮನೆಗಳ ಒಂದು ಸಾಲಿದೆ. ಹೊಲದಲ್ಲಿ ದುಡಿಯುವವರು ವಾಸಿಸುವುದು ಅಲ್ಲಿ. ಆ ಮಳೆಯ ರಾತ್ರಿ ಕೆಸರು ಅವರ ಹಿತ್ತಿಲ ಗೋಡೆಯವರೆಗೆ ಬಂದು ನಿಂತಿತ್ತು. ಹೆಂಗಸರು ಮಕ್ಕಳನ್ನೆತ್ತಿಕೊಂಡು ಪ್ರಾರ್ಥನಾ ಮಂದಿರಕ್ಕೆ ಬಂದು, ಜಪಸರ ಹೇಳುತ್ತ ಬೆಳಗು ಮಾಡಿದ್ದರು.

ಇವರಲ್ಲಿ ಹೆಚ್ಚಿನವರು ತಮಿಳು ಮಾತನಾಡುವ ಕಥೋಲಿಕರು. ಇವರ ಹಿರಿಯರು ಶ್ರೀಲಂಕೆಯ ಚಹಾ ತೋಟಗಳಲ್ಲಿ ದುಡಿದವರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆಯವರ ನಡುವೆ ಆದ ಒಪ್ಪಂದದಂತೆ 5,25,000 ಮಂದಿಯನ್ನು ಭಾರತ ಸ್ವೀಕರಿಸಬೇಕಾಯಿತು. ಮುಂದಿನ ವರ್ಷಗಳಲ್ಲಿ ಹಾಗೆ ಬಂದವರಲ್ಲಿ ಅನೇಕರು ನೀಲಗಿರಿಯಲ್ಲಿ ನೆಲೆ ಹುಡುಕಿದರು. ಕೆಲವರಿಗೆ ತಮಿಳುನಾಡು ಸರ್ಕಾರದ ಚಹಾ ತೋಟಗಳಲ್ಲಿ ಕೆಲಸ ದೊರೆಯಿತು. ಉಳಿದವರು ಹೊಲಗಳ ಕೂಲಿಯಾದರು. ಹುಟ್ಟಿದ ನಾಡಿನಲ್ಲಿ ಪರದೇಶಿಗಳು, ಬಂದ ನಾಡಿನಲ್ಲಿಯೂ ‘ಸಿಲೋನಿನವರು’. ಮೆಟ್ಟಿಲು ಹೊಲಗಳ ಬದುಗಳಿಗೆ ಇಂದು ಕಲ್ಲು ಹೊರುವ ಕೈಗಳು ಬಹುಮಟ್ಟಿಗೆ ಇವರದು. ಆ ಹೊಲಗಳಲ್ಲಿ ಒಂದು ಗುಂಟೆಯೂ ಇವರದಲ್ಲ.

ಭಾನುವಾರ ನಾವು ಅಲ್ಲಿನ ಪುಟ್ಟ ಮಂದಿರದಲ್ಲಿ ಬಲಿಪೂಜೆ ಅರ್ಪಿಸಿದೆವು. ಗುರುಗಳು ಅಲ್ಲಿಗೆ ಬರುವುದು ತಿಂಗಳಿಗೆ ಎರಡು ಬಾರಿ. ಉಳಿದ ವಾರ ಉಪದೇಶಿಯೇ ಪ್ರಾರ್ಥನೆ ನಡೆಸುತ್ತಾರೆ. ಪೂಜೆಗೆ ಬಂದವರು ಅರ್ಧದಷ್ಟೇ. ಸೋಮವಾರದ ಹರಾಜಿಗೆ ಮಾಲು ಹೊರಡಬೇಕಾದುದರಿಂದ ಉಳಿದವರು ಹೊಲದಲ್ಲಿದ್ದರು. ಭಾನುವಾರದ ಕೂಲಿಯನ್ನು ಬಿಟ್ಟರೆ ವಾರದ ಅಕ್ಕಿಗೆ ಕೊರತೆಯಾಗುತ್ತದೆ. ಕಾಣಿಕೆಯ ಸಮಯದಲ್ಲಿ ಒಬ್ಬ ಹುಡುಗಿ ತಟ್ಟೆಯಲ್ಲಿ ನಾಲ್ಕು ಕ್ಯಾರೆಟ್, ಒಂದು ಗೆಡ್ಡೆಕೋಸು ಇಟ್ಟು ತಂದಳು. ಅವು ಆಯ್ಕೆಯಲ್ಲಿ ಪಕ್ಕಕ್ಕೆ ಹಾಕಿದ, ಕವಲೊಡೆದ ಕ್ಯಾರೆಟ್‌ಗಳು. ಕೂಲಿಯವರು ಮನೆಗೆ ಒಯ್ಯಬಹುದಾದದ್ದು ಅವನ್ನೇ. ಭೂಮಿಯ ಫಲವೂ ಮನುಷ್ಯರ ಕೈಗಳ ದುಡಿಮೆಯೂ ಒಂದಾಗಿ ಪೀಠವನ್ನು ಸೇರುತ್ತವೆಂದು ನಾವು ಪ್ರತಿದಿನ ಪ್ರಾರ್ಥಿಸುತ್ತೇವೆ. ಆ ಮಾತಿನ ಭಾರ ಅಂದು ನಮಗೆ ಕೈಗೆ ಸಿಕ್ಕಿತು.

ಈ ಜನರ ಭಯ ನಿರಾಧಾರವಲ್ಲ. 2009ರ ನವೆಂಬರಿನಲ್ಲಿ ಕೇತಿ ಕಣಿವೆಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮಿಗಿಲಾದ ಮಳೆ ಸುರಿಯಿತು. ಆ ದಿನಗಳಲ್ಲಿ ನೀಲಗಿರಿಯ ಹಲವೆಡೆ ಬೆಟ್ಟ ಕುಸಿದು 40ಕ್ಕೂ ಹೆಚ್ಚು ಮಂದಿ ಮೃತಪಟ್ಟರು. 2019ರ ಆಗಸ್ಟಿನಲ್ಲಿ ಅವಲಾಂಚೆಯ ಮೇಲೆ ಅಂತಹುದೇ ಮಳೆ ಬಂತು. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಆದ ದುರಂತವನ್ನು ನಾವಾರೂ ಮರೆತಿಲ್ಲ. ಎಲ್ಲ ಕುಸಿತಕ್ಕೂ ಮುರಿದ ಬದುವೇ ಕಾರಣವೆಂದು ಹೇಳುವಂತಿಲ್ಲ; ಅಷ್ಟು ಮಳೆಗೆ ಕಾಡಿನ ಇಳಿಜಾರುಗಳೂ ಜಾರುತ್ತವೆ. ಆದರೆ ನೀರಿಗೆ ದಾರಿಯಿಲ್ಲದ ಬೆಟ್ಟ, ಹುಲ್ಲಿಲ್ಲದ ಬದು, ಯಂತ್ರದಿಂದ ಕಡಿದ ಇಳಿಜಾರು ಅಪಾಯವನ್ನು ಹೆಚ್ಚಿಸುತ್ತವೆಂಬುದರಲ್ಲಿ ಸಂದೇಹವಿಲ್ಲ. ಆ ಅಪಾಯವನ್ನು ಮೊದಲು ಎದುರಿಸುವವರು ಬದುವಿನ ಬಗ್ಗೆ ಮಾತನಾಡುವ ಹಕ್ಕೇ ಇಲ್ಲದ ಕೊನೆಯ ಮೆಟ್ಟಿಲಿನವರು.

ಯಾರ ಹೊಣೆ?

ಸಂತ ತೋಮಸ್ ಅಕ್ವಿನಾಸರು ಆಸ್ತಿಯ ವಿಷಯದಲ್ಲಿ ಒಂದು ಸೂಕ್ಷ್ಮ ವಿಂಗಡಣೆಯನ್ನು ಮಾಡಿದ್ದಾರೆ. ಆಸ್ತಿಯನ್ನು ಸಂಪಾದಿಸಿ ನಿರ್ವಹಿಸುವುದು ಒಬ್ಬೊಬ್ಬರ ಕೈಯಲ್ಲಿರುವುದು ಯುಕ್ತ, ಏಕೆಂದರೆ ತನ್ನದೆಂದಾಗ ಮನುಷ್ಯ ಹೆಚ್ಚು ಮುತುವರ್ಜಿ ವಹಿಸುತ್ತಾನೆ. ಆದರೆ ಅದರ ಉಪಯೋಗದ ವಿಷಯ ಬಂದಾಗ ಅದು ಎಲ್ಲರಿಗೂ ಸೇರಿದ್ದೆಂಬಂತೆ ಭಾವಿಸಿ, ಅಗತ್ಯದಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು. ಪುಸ್ತಕದಲ್ಲಿ ಇದು ಒಣ ತರ್ಕದಂತೆ ಕಾಣಬಹುದು. ಮೆಟ್ಟಿಲು ಹೊಲದಲ್ಲಿ ಇದು ಕಲ್ಲಿನಷ್ಟು ಗಟ್ಟಿಯಾದ ಸತ್ಯ. ಹೊಲ ನನ್ನದಾದುದರಿಂದಲೇ ನಾನು ಅದನ್ನು ಮೈಮುರಿದು ನೋಡಿಕೊಳ್ಳುತ್ತೇನೆ. ಆದರೆ ಅದರ ಅಂಚು ನನ್ನೊಬ್ಬನಿಗಾಗಿ ನಿಂತಿಲ್ಲ.

ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿಯೇ, ಒಪ್ಪಿಕೊಂಡ ಕೂಲಿಯೆಲ್ಲ ನ್ಯಾಯವಾದ ಕೂಲಿಯಲ್ಲ ಎಂದು ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಅವರ ಹೆಸರನ್ನೇ ಆರಿಸಿಕೊಂಡಿರುವುದು ಆ ಬೋಧನೆ ಹಳತಾಗಿಲ್ಲವೆಂಬುದಕ್ಕೆ ಸಾಕ್ಷಿ. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ಪರಿಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರೆಬೇರೆಯಾಗಿ ಕೇಳಲಾಗದೆಂದು ತಿಳಿಸಿದರು. ನಾವಿದ್ದ ಹಟ್ಟಿಯಲ್ಲಿ ಆ ಎರಡು ಗೋಳುಗಳ ನಡುವಿನ ಅಂತರ ಒಂದು ತಗಡಿನ ಮನೆಯ ಹಿತ್ತಿಲ ಗೋಡೆಯಷ್ಟೇ.

ಹಾಗಾದರೆ ಹೊಣೆ ಯಾರದು? ಮೇಲಿನ ಯಜಮಾನರನ್ನೊಬ್ಬರನ್ನೇ ಹಿಡಿದು ಕೇಳುವುದು ಸುಲಭ. ಆದರೆ ಬದುವನ್ನು ಕಾಯ್ದುಕೊಳ್ಳುವ ಖರ್ಚು ಕ್ಯಾರೆಟ್ಟಿನ ಬೆಲೆಯೊಳಗೆ ಎಲ್ಲಿಯೂ ಸೇರಿಲ್ಲ. ಮಂಡಿಯ ಚೀಟಿಯಲ್ಲಿ ಚೀಲಕ್ಕೆ ಬೆಲೆಯಿದೆ, ಬದುವಿಗೆ ಇಲ್ಲ. ಕಲ್ಲು ಹೊತ್ತವಳ ಮನೆಯ ಸುರಕ್ಷತೆಗೂ ಅಲ್ಲಿ ಜಾಗವಿಲ್ಲ. ಬೆಟ್ಟದ ಬುಡದಲ್ಲಿ, ಮೆಟ್ಟಿಲುಗಳ ಸಾಲಿನಾಚೆ, ತಟ್ಟೆಯ ಮುಂದೆ ಕುಳಿತಿರುವ ನಾವೂ ಈ ಲೆಕ್ಕದೊಳಗಿನವರೇ. ಮೇಲಿನವರು ಕಾಯ್ದ ಬದುವಿನ ಫಲವನ್ನು ನಾವು ಉಣ್ಣುತ್ತೇವೆ, ಅದರ ಖರ್ಚನ್ನು ಅವರಿಗೇ ಬಿಟ್ಟಿದ್ದೇವೆ.

ಕಥೋಲಿಕ ಕುಟುಂಬಗಳು ಏನು ಮಾಡಬಹುದು? ತರಕಾರಿ ಮಾರುವ ಹೆಂಗಸಿನೊಡನೆ ಒಂದು ರೂಪಾಯಿಗಾಗಿ ವಾದಿಸುವುದನ್ನು ಬಿಡಬಹುದು. ಕವಲೊಡೆದ, ಸೊಟ್ಟಗಿರುವ ಗೆಡ್ಡೆಯನ್ನು ಪಕ್ಕಕ್ಕೆ ತಳ್ಳದೆ ಕೊಳ್ಳಬಹುದು. ನಾವು ಬೇಡವೆಂದದ್ದು ಬೆಳೆದವನ ಚೀಟಿಯಲ್ಲಿ ನಷ್ಟವಾಗುತ್ತದೆ. ಊರಿನಲ್ಲಿ ಜಮೀನಿದ್ದು ಪಟ್ಟಣದಲ್ಲಿ ನೆಲೆಸಿರುವ ನಮ್ಮ ಅನೇಕ ಮನೆತನಗಳು ಕೊಡಗಿನಲ್ಲಿಯೂ, ಚಿಕ್ಕಮಗಳೂರಿನಲ್ಲಿಯೂ, ಕರಾವಳಿಯ ಗುಡ್ಡಗಳಲ್ಲಿಯೂ ಇವೆ. ಗುತ್ತಿಗೆಗೆ ಕೊಡುವಾಗ ಬದು, ಕಾಲುವೆ, ಇಳಿಜಾರುಗಳ ರಕ್ಷಣೆಯನ್ನು ಕರಾರಿನಲ್ಲಿ ಬರೆಸುವುದು, ತಮ್ಮ ಜಮೀನಿನ ಕೆಳಗೆ ಯಾರ ಮನೆಯಿದೆಯೆಂದು ಮಳೆಗಾಲಕ್ಕೆ ಮುಂಚೆ ಒಮ್ಮೆ ಹೋಗಿ ನೋಡಿಬರುವುದು ಅವರ ಕರ್ತವ್ಯ. ಮೇ 15 ರೈತರ ಪಾಲಕ ಸಂತ ಇಸಿದೋರರ ಹಬ್ಬ. ಮತ್ತೊಬ್ಬರ ಹೊಲದಲ್ಲಿ ಜೀವನವಿಡೀ ಕೂಲಿ ಮಾಡಿದ ಈ ಮನುಷ್ಯನನ್ನು 1622ರಲ್ಲಿ ಧರ್ಮಸಭೆ ಸಂತ ಇಗ್ನಾಸಿಯವರ, ಸಂತ ಫ್ರಾನ್ಸಿಸ್ ಝೇವಿಯರರ ಜೊತೆಯಲ್ಲಿಯೇ ಸಂತ ಪದವಿಗೇರಿಸಿತು. ಮುಂಗಾರಿನ ಹೊಸ್ತಿಲಲ್ಲಿ ಬರುವ ಆ ಹಬ್ಬದಂದು ಧರ್ಮಕೇಂದ್ರಗಳಲ್ಲಿ ಭೂಮಾಲೀಕರೂ ಕೂಲಿಯವರೂ ಒಟ್ಟಿಗೆ ಕುಳಿತು ನೀರಿನ ದಾರಿ, ಮನೆಗಳ ಸುರಕ್ಷತೆಗಳ ಬಗ್ಗೆ ಮಾತನಾಡಿದರೆ ಅದಕ್ಕಿಂತ ಸೂಕ್ತವಾದ ಆಚರಣೆ ಬೇರೆ ಇರಲಾರದು.

ನಾವು ಹೊರಡುವ ಹಿಂದಿನ ದಿನ ಅಲ್ಲಿನ ಗುರುಗಳು ಊರ ಗೌಡರನ್ನು ಕಂಡು, ಸಾಲುಮನೆಗಳ ಹಿಂದಿನ ಕಾಲುವೆಯ ಪ್ರಸ್ತಾಪ ಮಾಡಿದರು. ಗೌಡರು ತಮ್ಮ ಮನೆದೇವರಿಗೆ ನಡೆದುಕೊಳ್ಳುವವರು, ನಮ್ಮ ವಿಶ್ವಾಸದವರಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬದು ಕಟ್ಟುವ ದಿನವೇ ಆ ಕಾಲುವೆಯನ್ನೂ ಆಳ ಮಾಡಿಸೋಣ, ಮನೆಗೊಬ್ಬರಂತೆ ಹಟ್ಟಿಯಿಂದ ಆಳು ಬರಲಿ ಎಂದರು. ಸಾಲುಮನೆಗಳಿಂದ ಒಬ್ಬರನ್ನು ಮಾತುಕತೆಗೆ ಕರೆಯಬೇಕೆಂಬ ಗುರುಗಳ ಕೋರಿಕೆಗೆ ಅವರು ಆಗಲಿ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ, ಹಿರಿಯರನ್ನು ಕೇಳಬೇಕೆಂದರು. ಈ ಸಾಲುಗಳನ್ನು ಬರೆಯುವ ವೇಳೆಗೆ ಬದುವೂ ಕಾಲುವೆಯೂ ಮುಗಿದಿವೆಯೆಂದು ಗುರುಗಳಿಂದ ಪತ್ರ ಬಂದಿದೆ. ಮಾತುಕತೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಅದಕ್ಕಾಗಿ ವಾಚಕರ ಪ್ರಾರ್ಥನೆಯನ್ನು ಬೇಡುತ್ತೇವೆ.